ಗಿರಣಿ ಪದದ ಕಡೆಯ ನುಡಿ

ಮೊದಲಿಗೆ ಒಂದು ತಪ್ಪನ್ನು ತಿದ್ದಬೇಕು. ‘ಡುಗು ಡುಗು ಗಿರಣಿ ಬಂತ’ ಎಂಬ ಪದ ತಲೆತಲಾಂತರದಿಂದ ಹರಿದು ಬಂದದ್ದಲ್ಲ. ಹೂವಿನ ಹಿಪ್ಪರಗಿಯಲ್ಲಿ ಡೀಸೆಲ್ ಎಂಜಿನ್ನಿನ ಹಿಟ್ಟಿನ ಗಿರಣಿ ಶುರುವಾದದ್ದೇ ೧೯೭೧ನೆಯ ಇಸವಿಯ ದೀಪಾವಳಿ ಪಾಡ್ಯದಂದು. ಗಿರಣಿ ಹುಟ್ಟುವ ಮೊದಲು ಗಿರಣಿಯ ಪದ ಹುಟ್ಟದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರಿಗೂ ಇಷ್ಟು ತಿಳಿಯುತ್ತದೆ. ಆದರೆ ಆ ಪದವನ್ನು ಗ್ರಾಮಫೋನ್ ಪ್ಲೇಟು ಮಾಡಿ ಮಾರಿದ ಮುಂಬಯಿಯ ಕಂಪನಿಗೆ ಇದು ತಿಳಿಯಲಿಲ್ಲ. ಮುದ್ದೇಬಿಹಾಳದಲ್ಲಿ ತೀರ್ಪು ಕೊಡಲು ಕುಳಿತ ಅಕ್ಷರಸ್ಥರಿಗೂ ತಿಳಿಯಲಿಲ್ಲ. ಅದನ್ನು ಕಟ್ಟಿದಾಕೆ ಸಾತವ್ವ, ಹಿಪ್ಪರಗಿಯ ರೇವಪ್ಪನ ಮಗಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ.

ರೇವಪ್ಪ ಕುರಿ ಕಾಯುವ ಮನೆತನದವನು. ಹಿಂಡಿನಲ್ಲಿ ಎಪ್ಪತ್ತು ಕುರಿಗಳಿದ್ದರೂ ಅವನು ಹೆಸರಾದದ್ದು ಕೈಯಲ್ಲಿ ಹಿಡಿದು ಬಾರಿಸುವ ದಪ್ಪಿನಿಂದ. ಗೀಗೀ ಪದ ಹಾಡುವ ಮೇಳಗಳಲ್ಲಿ ಎರಡು ಪಕ್ಷಗಳುಂಟು. ಗಂಡೇ ಹೆಚ್ಚೆಂದು ಒಂದು ಪಕ್ಷ ವಾದ ಹೂಡಿದರೆ, ಹೆಣ್ಣೇ ಹೆಚ್ಚೆಂದು ಇನ್ನೊಂದು ಪಕ್ಷ ಎದುರು ಪದ ಎತ್ತುತ್ತದೆ. ರೇವಪ್ಪ ಗಿರಿಜಾ ಮೀಸೆಯ ಗಂಡಸಾಗಿದ್ದರೂ ಹೆಣ್ಣಿನ ಪಕ್ಷ ಹಿಡಿದು ಹಾಡುತ್ತಿದ್ದ. ಮಗಳ ಗಂಡ ಮದುವೆಯಾದ ಮೂರನೆಯ ವರ್ಷ ಹಾವು ಕಚ್ಚಿ ತೀರಿಕೊಂಡ. ಹತ್ತೊಂಬತ್ತರ ಸಾತವ್ವ ತವರಿಗೆ ಮರಳಿದಾಗ, ಉಡಿಕೆ ಮಾಡಿ ಇನ್ನೊಂದು ಮನೆ ಸೇರಿಸೋಣವೆಂದು ಕುಲದ ಹಿರಿಯರು ಓಡಾಡಿದರು. ಆಕೆ ಒಪ್ಪಲಿಲ್ಲ. ರೇವಪ್ಪ ಒತ್ತಾಯಿಸಲಿಲ್ಲ, ಆಕೆಯ ಕೈಗೆ ದಪ್ಪು ಕೊಟ್ಟ.

ದಪ್ಪಿನ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟ. ಪದ ಕಟ್ಟಿದವರು ತಮ್ಮ ಊರು, ತಮಗೆ ಕಲಿಸಿದವರು, ತಮ್ಮ ಹೆಸರು, ಈ ಮೂರನ್ನೂ ಪದದ ಕಡೆಯ ನುಡಿಯಲ್ಲಿ, ಎಂದರೆ ಕೊನೆಯ ಚರಣದಲ್ಲಿ, ಹೆಣೆಯಬೇಕು. ಇದಕ್ಕೆ ಮುದ್ರಿಕೆ ಎನ್ನುತ್ತಾರೆ. ಯಾವ ಊರಿನ ಯಾವ ಮೇಳ ಹಾಡಿದರೂ ಮುದ್ರಿಕೆಯವರೆಗೆ ಹಾಡಿಯೇ ದಪ್ಪು ಕೆಳಗಿಡಬೇಕು. ಮುದ್ರಿಕೆ ಬಿಟ್ಟು ಹಾಡಿದವನು ಕಳ್ಳ. ಇನ್ನೊಬ್ಬರ ಪದಕ್ಕೆ ತನ್ನ ಮುದ್ರಿಕೆ ಹಚ್ಚಿದವನು ಕಳ್ಳನಿಗಿಂತ ಕೀಳು. ಅಂಥವನ ಮೇಳಕ್ಕೆ ಮತ್ತೆ ಯಾರೂ ಹಾಡಲು ಕರೆಯುವ ವೀಳ್ಯ ಕೊಡುವುದಿಲ್ಲ. ಹಾಗೆಯೇ, ಪದದ ಹೊರಗೆ ನಿಂತು ‘ಇದು ನನ್ನ ಪದ’ ಎಂದು ಸಾರುವುದು ಸೊಕ್ಕು.

“ಹೆಸರು ಕಾಗದದ ಮ್ಯಾಲೆ ಇಟ್ಟರ ಗೆದ್ದಲ ತಿಂತೈತಿ, ಕಲ್ಲಿನ ಮ್ಯಾಲೆ ಇಟ್ಟರ ಮಳಿ ತಿಂತೈತಿ,” ಎನ್ನುತ್ತಿದ್ದ ರೇವಪ್ಪ. “ಪದದ ಕಡೀ ನುಡ್ಯಾಗ ಇಡು ಮಗಳ. ಹಾಡಾವನ ಬಾಯೇ ಅದಕ್ಕ ಕಾವಲ.”

ರೇವಪ್ಪ ೧೯೬೨ರಲ್ಲಿ ತೀರಿಕೊಂಡಾಗ ಸಾತವ್ವನ ತಮ್ಮ ಅಮಸಿದ್ದನಿಗೆ ಒಂಬತ್ತು ವರ್ಷ. ತಾಯಿ ಮೊದಲೇ ಹೋಗಿದ್ದಳು. ಆಕೆ ಅವನನ್ನು ನಾಲ್ಕನೆಯ ಇಯತ್ತೆಯವರೆಗೆ ಓದಿಸಿದಳು, ಒಂಟಿ ತಂತಿಯ ತುಂತುಣಿ ಮೀಟಲು ಕಲಿಸಿದಳು, ಲಕ್ಕವ್ವನನ್ನು ತಂದು ಮದುವೆ ಮಾಡಿದಳು. ಲಕ್ಕವ್ವನಿಗೂ ಒಳ್ಳೆಯ ಕಂಠವಿತ್ತು. ಅಕ್ಕ, ತಮ್ಮ, ತಮ್ಮನ ಹೆಂಡತಿ ಈ ಮೂವರ ಮೇಳಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕುಗಳಲ್ಲಿ ‘ಹಿಪ್ಪರಗಿ ಮನೆಮೇಳ’ ಎಂಬ ಹೆಸರು ಬಿತ್ತು.

ಗಿರಣಿಯ ಪದ ಹುಟ್ಟಿದ್ದು ೧೯೭೫ರ ಶ್ರಾವಣದಲ್ಲಿ, ಗಿರಣಿಯ ಪಾಳಿಯಲ್ಲೇ. ಸಾತವ್ವ ಒಂದು ಡಬ್ಬಿ ಜೋಳ ಹೊತ್ತುಕೊಂಡು ಹೋಗಿ ಹನ್ನೊಂದನೆಯವಳಾಗಿ ನಿಂತಿದ್ದಳು. ಎಂಜಿನ್ನು ಒಂದೇ ಸಮನೆ ಡುಗು ಡುಗು ಎನ್ನುತ್ತಿತ್ತು. ನಿಂತು ಬೇಸತ್ತು ಕುಳಿತಳು. ಕುಳಿತಾಗ ಬೆರಳು ತಾನಾಗಿ ಡಬ್ಬಿಯ ಮೇಲೆ ಆಡತೊಡಗಿತು. ದಪ್ಪಿನ ಹಳೆಯ ಗತ್ತಿನಲ್ಲಿ ಏರು, ಇಳಿವು, ಬಿಡುವು ಇರುತ್ತವೆ. ಎಂಜಿನ್ನಿಗೆ ಇದಾವುದೂ ಇಲ್ಲ. ಪೆಟ್ಟಿನ ಮೇಲೆ ಪೆಟ್ಟು, ಎಲ್ಲವೂ ಸರಿಸಮ. ಆಕೆ ಅದಕ್ಕೆ ತಕ್ಕಂತೆ ಮಾತು ಕೂಡಿಸಿದಳು.

“ಏನ್ ಸಾತವ್ವಾ, ಡಬ್ಬಿ ಒಡದಗಿಡದಿ,” ಎಂದ ಗಿರಣಿಯ ಯಜಮಾನ.

“ಒಡದ್ರ ನಿನ್ನ ಎಂಜಿನ್ನಿನ ಲೆಕ್ಕಕ್ಕ ಹಾಕಪಾ. ಬಡ್ಯಾವ ಅದು, ನಾ ಅಲ್ಲ.”

ಪಾಳಿಯ ಹೆಂಗಸರು ನಕ್ಕರು. ಆಕೆಯ ಸರದಿ ಬರುವಷ್ಟರಲ್ಲಿ ಮೂರು ನುಡಿ ಸಿದ್ಧವಾಗಿದ್ದವು. ಅವರೇ ಪಲ್ಲವಿಯ ಸೊಲ್ಲು ಹಿಡಿದು ಹಾಡುತ್ತಿದ್ದರು:

ಡುಗು ಡುಗು ಗಿರಣಿ ಬಂತ
ಬೀಸೂ ಕಲ್ಲು ಮೂಲಿಗಿ ಕುಂತ
ಎಣ್ಣಿ ಕುಡದು ಒದರತೈತಿ ಗಂಡಸಿನಂಥಾದ್ದ
ಹಾಡ ಹೇಳಿ ಬೀಸತಿತ್ತು ಹೆಂಗಸಿನಂಥಾದ್ದ

ಗಿರಣಿ ಗಂಡು, ಬೀಸುಕಲ್ಲು ಹೆಣ್ಣು. ಒಂದು ಕುಡಿದು ಕೂಗಾಡುತ್ತದೆ, ಹೊಗೆ ಬಿಡುತ್ತದೆ, ಆಗಾಗ ಮುನಿಸಿಕೊಂಡು ನಿಲ್ಲುತ್ತದೆ. ಇನ್ನೊಂದು ಬೆಳಗಿನಲ್ಲಿ ಎದ್ದು ಮನೆಯವರ ಹೊಟ್ಟೆ ತುಂಬಿಸಿ, ಈಗ ಮೂಲೆ ಹಿಡಿದು ಕುಳಿತಿದೆ. ಆರು ನುಡಿಗಳ ಪದ. ಆರನೆಯದು ಮುದ್ರಿಕೆ. ಅದನ್ನು ಆಕೆ ಹಿಟ್ಟು ಹೊತ್ತು ಮನೆಗೆ ಬರುವ ದಾರಿಯಲ್ಲಿ ಕಟ್ಟಿದಳು:

ಹಿಪ್ಪರಗಿ ಗಿರಣಿ ಪಾಳ್ಯಾಗ ನಿಂತು ಕಟ್ಟಿದ ಪದದ ಸೊಲ್ಲು
ರೇವಪ್ಪನ ಮಗಳು ಸಾತಿ, ಬೀಸಿದಾಕಿ ಕಲ್ಲು
ಹೆಸರ ಬಿಟ್ಟು ಹಾಡಿದವರ ಹಿಟ್ಟಿನ್ಯಾಗ ಹಳ್ಳು

ಮರುವರ್ಷ ಇಂಡಿಯಲ್ಲಿ ಅದನ್ನು ಮೊದಲ ಬಾರಿಗೆ ಸಭೆಯಲ್ಲಿ ಹಾಡಿದಳು. ಎದುರು ಪಕ್ಷದಲ್ಲಿ ಸಿಂದಗಿಯ ರಾವಸಾಬ ಇದ್ದ. ಅವನು ಇಪ್ಪತ್ತು ವರ್ಷಗಳಿಂದ ಗಂಡಿನ ಪಕ್ಷ ಹಿಡಿದು ಮೊದಲು ರೇವಪ್ಪನೊಡನೆ, ಆಮೇಲೆ ಅವನ ಮಗಳೊಡನೆ ವಾದಕ್ಕೆ ನಿಂತವನು. ಪದ ಮುಗಿದಾಗ ಅವನು ಉತ್ತರ ಎತ್ತದೆ ತಲೆ ಕೆರೆದುಕೊಂಡ.

“ತಂಗೀ, ಇದಕ್ಕ ನಾ ಎಣ್ಣಿ ಕುಡದ ಬರಬೇಕು,” ಎಂದು ಅವನು ಹೇಳಿದ್ದಕ್ಕೆ ಸಭೆಯೆಲ್ಲ ನಕ್ಕಿತು. ಆ ದಿನ ಸಾತವ್ವ ಗೆದ್ದಳು.

ಬಸಂತರಾಯ ಈ ಪದ ಕೇಳಿದ್ದು ೧೯೭೮ರ ಬೇಸಿಗೆಯಲ್ಲಿ, ಹಲಸಂಗಿಯಲ್ಲಿ. ಅವನು ಇಂಡಿ ತಾಲೂಕಿನವನೇ. ಮುಂಬಯಿ ಸೇರಿ ಹದಿನಾಲ್ಕು ವರ್ಷವಾಗಿತ್ತು. ಚಂದ್ರಮೌಳಿ ರೆಕಾರ್ಡಿಂಗ್ ಕಂಪನಿ ಎಂಬಲ್ಲಿ ಹಾಡುಗಾರರನ್ನು ಹುಡುಕಿ ತರುವ ಕೆಲಸ ಅವನದು. ಅಗಲ ಕಾಲಿನ ಪ್ಯಾಂಟು, ಕಿವಿ ಮುಚ್ಚುವ ಕೂದಲು. ಪದ ಮುಗಿಯುತ್ತಲೇ ಮೇಳದವರ ಹತ್ತಿರ ಬಂದು, “ಇದು ಡಿಸ್ಕೊ,” ಎಂದ.

“ಅಂದ್ರ ಏನ್ರಿ ರಾಯರ?” ಎಂದಳು ಲಕ್ಕವ್ವ.

“ಈಗ ಎಲ್ಲಾ ದೇಶದಾಗ ನಡದೈತಿ. ಕುಣ್ಯೂ ಹಾಡು. ತಾಳ ಒಂದ ಸಮ, ನಿಂದ್ರಂಗಿಲ್ಲ, ಎದಿ ಬಡಕೊಂಡಂಗ.”

“ಅದು ನಮ್ಮೂರ ಗಿರಣಿ,” ಎಂದಳು ಸಾತವ್ವ.

ಮನೆತನದವರೆಲ್ಲ ಸೇರಿ ಹಾಡಿದ ಡಿಸ್ಕೊ ಹಾಡುಗಳು ಪರದೇಶಗಳಲ್ಲಿ ಬಹಳ ಓಡುತ್ತಿವೆ ಎಂದೂ, ಹಿಪ್ಪರಗಿಯ ಈ ಮನೆತನದ್ದೂ ಓಡುತ್ತದೆ ಎಂದೂ ಅವನು ಹೇಳಿದ. ಅಮಸಿದ್ದನ ಕಣ್ಣು ಅಂದೇ ಅರಳಿದವು. ಸಾತವ್ವ ಕೇಳಿದ್ದು ಒಂದೇ ಮಾತು: ಪ್ಲೇಟು ಎಲ್ಲೆಲ್ಲಿಗೆ ಹೋಗುತ್ತದೆ? ಬಸಂತರಾಯ ಬೆಳಗಾವಿ, ಹುಬ್ಬಳ್ಳಿ, ಸೊಲ್ಲಾಪುರ, ಬೆಂಗಳೂರು ಎಂದು ಬೆರಳು ಮಡಚಿದ. ಅಷ್ಟೂ ಊರುಗಳಲ್ಲಿ ರೇವಪ್ಪನ ಹೆಸರು ಕೇಳಿಸುತ್ತದೆಂದು ಆಕೆ ಒಪ್ಪಿದಳು. ಅಪ್ಪನ ದಪ್ಪು ನಾಲ್ಕು ತಾಲೂಕು ದಾಟಿರಲಿಲ್ಲ.

ಮೂವರೂ ಬಾಗೇವಾಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ೧೯೭೮ರ ಸೆಪ್ಟೆಂಬರ್ ಹದಿನಾಲ್ಕರಂದು, ಗುರುವಾರ, ದಾದರಿನಲ್ಲಿದ್ದ ಕಂಪನಿಯ ಕೋಣೆ ಸೇರಿದರು. ಗೋಡೆಗೆಲ್ಲ ಗೋಣಿಚೀಲದಂಥ ಬಟ್ಟೆ. ನಡುವೆ ಒಂದು ದೊಡ್ಡ ಗಾಜು. ಗಾಜಿನ ಆಚೆ ಯಂತ್ರಗಳು, ಈಚೆ ವಾದ್ಯದವರು. ಒಬ್ಬ ಕಾಲಿನಿಂದ ಒದ್ದು ಬಾರಿಸುವ ದೊಡ್ಡ ಡ್ರಮ್ಮಿನ ಹಿಂದೆ ಕುಳಿತಿದ್ದ. ಸಾತವ್ವ ದಪ್ಪಿನಲ್ಲಿ ಗತ್ತು ತೋರಿಸಿದಳು. ಅವನು ಒಮ್ಮೆ ಕೇಳಿ, ತಲೆದೂಗಿ, ಕಾಲು ಹಾಕಿದ. ಕೋಣೆಯೇ ಡುಗು ಡುಗು ಎಂದಿತು. ಸಾತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹಿಟ್ಟಿನ ವಾಸನೆ ಬಂದಂತಾಯಿತಂತೆ. ಈ ನಗುವನ್ನೂ ದಾಖಲಿಸಬೇಕು. ಡಿಸ್ಕೊ ತನ್ನ ಪದವನ್ನು ಕೆಡಿಸಿತೆಂದು ಸಾತವ್ವ ಯಾವತ್ತೂ ಹೇಳಲಿಲ್ಲ. ಹಾಗೆಂದು ಬರೆದವರು ಆಕೆಯನ್ನು ಕೇಳಿ ಬರೆದವರಲ್ಲ.

ಹಾಡುವ ಮುಂಚೆ ಬಸಂತರಾಯ ಒಂದು ಕಾಗದ ತಂದ.

“ಸಾತವ್ವಾ, ಪದ ಕಟ್ಟಿದವರ ಹೆಸರು ಬರಿಯೂ ಜಾಗಾ ಐತಿ ಇಲ್ಲಿ. ಏನಂತ ಬರೀಲಿ?”

“ಹೆಸರು ಪದದಾಗ ಐತೆಲ್ರೀ ರಾಯರ. ಕಡೀ ನುಡಿ ಕೇಳ್ರಿ.”

“ಅದು ಹೌದು. ಕಾಗದದಾಗೂ ಬೇಕಾಗ್ತೈತಿ.”

“ಪದದ ಹೊರಗ ಹೆಸರು ಹೇಳಿದ್ರ ನಮ್ಮಪ್ಪ ಬೈತಿದ್ದ. ಸೊಕ್ಕು ಅಂತಾರ್ರಿ ನಮ್ಮ ಕಡೆ. ಪದದಾಗ ಐತಿ, ಸಾಕು.”

ಬಸಂತರಾಯ ಅದೇ ಸೀಮೆಯಲ್ಲಿ ಹುಟ್ಟಿದವನು. ಆ ಮಾತಿನ ಅರ್ಥ ಅವನಿಗೆ ತಿಳಿಯದಿರಲು ಕಾರಣವಿಲ್ಲ. ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಗಾಜಿನ ಆಚೆಗೆ ಹೋದ.

ಆರು ನುಡಿಗಳನ್ನೂ ಸಾತವ್ವ ಎರಡು ಸಲ ಹಾಡಿದಳು. ಕಡೆಯ ನುಡಿಗೆ ಬಂದಾಗ, ಹಿಪ್ಪರಗಿಯಲ್ಲಿ ಹಾಡುವಂತೆಯೇ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ದಪ್ಪನ್ನು ಎದೆಮಟ್ಟಕ್ಕೆ ಎತ್ತಿದಳು. ಎರಡನೆಯ ಸಲ ಮುಗಿದಾಗ ಗಾಜಿನ ಆಚೆ ಬಸಂತರಾಯ ಅಮಸಿದ್ದನನ್ನು ಕರೆದು ಕೈಗಡಿಯಾರ ತೋರಿಸುತ್ತಿದ್ದ. ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅಮಸಿದ್ದ ತಲೆಯಾಡಿಸಿ ಒಂದು ಕಾಗದದ ಮೇಲೆ ಬಾಗಿದ. ರೈಲಿನ ಹೊತ್ತಾಯಿತೆಂದು ಹೇಳುತ್ತಿರಬೇಕು, ತಿಕೀಟಿಗೆ ಸಹಿ ಹಾಕಿಸಿಕೊಳ್ಳುತ್ತಿರಬೇಕು ಎಂದುಕೊಂಡಳು ಸಾತವ್ವ.

ಪ್ಲೇಟು ಬಂದದ್ದು ೧೯೭೯ರ ಜನವರಿಯ ಕೊನೆಯ ವಾರ. ಬಾಗೇವಾಡಿಯ ಬಸ್ ನಿಲ್ದಾಣದ ಎದುರು ನಬಿಲಾಲನ ಚಹಾದ ಅಂಗಡಿಯಲ್ಲಿ ಪ್ಲೇಟು ಹಾಕುವ ಪೆಟ್ಟಿಗೆ ಇತ್ತು. ಸಾತವ್ವ ಲಕ್ಕವ್ವನೊಡನೆ ಬಸ್ಸಿನಲ್ಲಿ ಹೋದಳು. ಅಮಸಿದ್ದ ಜ್ವರವೆಂದು ಹೇಳಿ ಬರಲಿಲ್ಲ. ನಬಿಲಾಲ ಗಿರಾಕಿಗಳನ್ನು ಸುಮ್ಮನಿರಿಸಿ, ಹೆಂಗಸರಿಗೆ ಒಳಗಿನ ಬೆಂಚು ಕೊಟ್ಟು, ಪ್ಲೇಟಿನ ಮೇಲೆ ಮುಳ್ಳು ಇಟ್ಟ.

ಎಂಜಿನ್ನು ಶುರುವಾಯಿತು. ಆಕೆಯ ದನಿ, ಲಕ್ಕವ್ವನ ದನಿ, ತುಂತುಣಿ. ಚಹಾ ಕುಡಿಯುತ್ತಿದ್ದವರ ಕಾಲು ಬೆಂಚಿನ ಕೆಳಗೆ ತಾನಾಗಿ ಆಡಿದವು. ಒಂದನೆಯ ನುಡಿ, ಎರಡನೆಯದು, ನಾಲ್ಕನೆಯದು. ಮೂರು ಎಲ್ಲಿ ಹೋಯಿತೆಂದು ಆಕೆ ಯೋಚಿಸುವುದರೊಳಗೆ ಐದೂ ಇಲ್ಲದೆ ‘ಡುಗು ಡುಗು ಗಿರಣಿ ಬಂತ’ ಎಂದು ಸೊಲ್ಲು ತಿರುಗಿತು. ಮತ್ತೆ ತಿರುಗಿತು. ತಿರುಗುತ್ತ ತಿರುಗುತ್ತ ಸಣ್ಣದಾಗುತ್ತ ಹೋಯಿತು; ಹಾಡುವವರು ಹಾಡುತ್ತಲೇ ಗಾಡಿಯಲ್ಲಿ ಕುಳಿತು ಊರು ಬಿಟ್ಟು ದೂರ ಹೋದಂತೆ. ಆಮೇಲೆ ಮುಳ್ಳಿನ ಸಪ್ಪಳ ಮಾತ್ರ ಉಳಿಯಿತು.

“ಕರೆಂಟ ಹೋತೇನಪಾ ನಬಿಲಾಲ?” ಎಂದಳು ಸಾತವ್ವ.

“ಇಲ್ಲ ಬೇ, ಲೈಟ ಐತಿ. ಪದ ಮುಗೀತು.”

“ಮುಗ್ದಿಲ್ಲ. ಮುದ್ರಿಕಿ ಬಂದಿಲ್ಲ. ಮಗ್ಗಲಾ ಬದಲಿ ಮಾಡು.”

ಮಗ್ಗುಲು ಬದಲಿಸಿದರೆ ಅದರಲ್ಲಿ ಮಾತೇ ಇರಲಿಲ್ಲ; ಬರೀ ವಾದ್ಯ. ನಬಿಲಾಲ ಪ್ಲೇಟನ್ನು ಬೆಳಕಿಗೆ ಹಿಡಿದು ನಡುವಿನ ಚೀಟಿ ಓದಿದ. “ಹಿಪ್ಪರಗಿ ಫ್ಯಾಮಿಲಿ. ಡಿಸ್ಕೊ ಗೀಗೀ. ರಚನೆ, ಸಾಂಪ್ರದಾಯಿಕ.”

“ಆಂವ ಯಾರಪಾ ಸಾಂಪ್ರದಾಯಿಕ?”

ನಬಿಲಾಲ ಪ್ಲೇಟನ್ನು ಲಕೋಟೆಗೆ ಸೇರಿಸಿದ. “ಯಾರೂ ಅಲ್ಲ ಬೇ. ಎಲ್ಲಾರೂ ಅಂದಂಗ.”

ಹಾಡು ಚೆನ್ನಾಗಿದೆಯೆಂದು ಅವನು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಸಾತವ್ವ ಆ ಚಹಾವನ್ನು ಹಾಗೆಯೇ ಬಿಟ್ಟು ಎದ್ದಳು.

ಮನೆಯಲ್ಲಿ ಅಮಸಿದ್ದ ಕಂಬಳಿ ಹೊದ್ದು ಕುಳಿತಿದ್ದ. ಜ್ವರವಿರಲಿಲ್ಲ.

“ಪ್ಲೇಟಿನ ಒಂದ ಮಗ್ಗಲಾಗ ಮೂರು ನಿಮಿಷ ಇಪ್ಪತ್ತು ಸೆಕೆಂಡ ಹಿಡಿತೈತಂತ ಅಕ್ಕಾ. ನಮ್ಮ ಪದ ಏಳು ನಿಮಿಷದ್ದು.”

“ಮುದ್ರಿಕಿ ಇಟ್ಟು ಬ್ಯಾರೆ ಯಾವುದರ ಕಡೀಬೇಕಿತ್ತು. ಎರಡು ಕಡದಾರ, ನಾಲ್ಕು ಕಡೀರಿ ಅನ್ನಬೇಕಿತ್ತು.”

“ಡಿಸ್ಕೊದಾಗ ಹಾಡು ಸಣ್ಣ ಆಗ್ಕೋತ ಮುಗೀಬೇಕಂತ. ಕಡೀಕ ಹೆಸರು ಹೇಳಿದ್ರ ಕುಣ್ಯಾವ್ರು ನಿಂದ್ರತಾರಂತ. ಕೇಳಿದ್ರು. ಹ್ಞೂಂ ಅಂದೆ.”

“ಕಾಗದದಾಗ ಏನ್ ಬರಸ್ದಿ?”

ಅವನು ನೆಲ ನೋಡಿದ. “ನೀ ಹೆಸರು ಬ್ಯಾಡಂದಿ. ಖಾಲಿ ಬಿಡಾಕ ಬರಂಗಿಲ್ಲ ಅಂದ್ರು. ಹಳೇ ಪದ ಅಂತ ಬರೀರಿ ಅಂದೆ. ಸಹಿ ಮಾಡೇನಿ. ಈಗ ಅಲ್ಲ ಅಂದ್ರ ಖೊಟ್ಟಿ ಸಹಿ ಆಗ್ತೈತಿ ಅಕ್ಕಾ. ಎರಡನೇ ಪ್ಲೇಟು ಮಾಡ್ತೇವಿ ಅಂದಾರ, ಅದೂ ಹೋಗ್ತೈತಿ.”

ಒಲೆಯ ಮುಂದಿದ್ದ ಲಕ್ಕವ್ವ ತಿರುಗಿ ನೋಡದೆಯೇ ಹೇಳಿದಳು: “ನಿನ್ನ ಎತ್ತಿ ಆಡಿಸಿದಾಕಿನ್ನ ಹಳೇ ಪದ ಮಾಡಿದೆಲ್ಲಾ. ನನ್ನ ಏನ್ ಮಾಡ್ತಿ ಇನ್ನ.”

ಸಾತವ್ವ ಕೂಗಾಡಲಿಲ್ಲ. ಮುದ್ದೇಬಿಹಾಳದ ಸಂಘವೊಂದು ಮಾರ್ಚ್ ತಿಂಗಳಲ್ಲಿ ಮೇಳಗಳ ಸ್ಪರ್ಧೆಗೆ ವೀಳ್ಯ ಕಳಿಸಿತ್ತು. ಆಕೆ ತಮ್ಮನಿಗೆ ಹೇಳಿದ್ದು ಇಷ್ಟು: “ಮುದ್ದೇಬಿಹಾಳದಾಗ ಆರೂ ನುಡಿ ಹಾಡ್ತೇನಿ. ಯಾರರೆ ಕೇಳಿದ್ರ ಬಾಜೂಕ ನಿಂತು ಹ್ಞೂಂ ಅನ್ನು. ಮುಂಬೈದಾಗ ಒಮ್ಮೆ ಅಂದಿ, ಇಲ್ಲೊಮ್ಮೆ ಅನ್ನು. ಮತ್ತೇನೂ ಬ್ಯಾಡ.”

ಅಮಸಿದ್ದ ಆಗಲೆಂದ.

ಆ ಎರಡು ತಿಂಗಳಲ್ಲಿ ಪದ ಕಾಡ್ಗಿಚ್ಚಿನಂತೆ ಹಬ್ಬಿತು. ಸಿಂದಗಿಯ ತೊಗರಿ ಪೇಟೆಯಲ್ಲಿ ಹಮಾಲರು ಚೀಲ ಎತ್ತುವಾಗ ಅದನ್ನೇ ಹಾಡಿದರು. ಬ್ಯಾಂಡ್ ಕಂಪನಿಗಳು ಮದುವೆಯ ಮೆರವಣಿಗೆಯಲ್ಲಿ ಊದಿದವು. ಗ್ಯಾದರಿಂಗಿನಲ್ಲಿ ಸಾಲೆಯ ಹುಡುಗಿಯರು ಕುಣಿದರು. ಎಲ್ಲರೂ ಪ್ಲೇಟಿನಲ್ಲಿ ಇದ್ದಷ್ಟನ್ನೇ ಕಲಿತರು. ಎಲ್ಲರೂ ಸೊಲ್ಲನ್ನು ಸಣ್ಣ ಮಾಡುತ್ತ ನಿಲ್ಲಿಸಿದರು. ಹಾಡುವವನ ಬಾಯೇ ಕಾವಲೆಂದಿದ್ದ ರೇವಪ್ಪ. ಬಾಯಿಗಳೇನೋ ಸಾವಿರವಾದವು, ಕಾಯಬೇಕಾದದ್ದು ಅವುಗಳಿಗೆ ತಲುಪಿರಲಿಲ್ಲ.

ಸ್ಪರ್ಧೆ ನಡೆದದ್ದು ೧೯೭೯ರ ಮಾರ್ಚ್ ಹದಿನೆಂಟರ ಭಾನುವಾರ, ಮಧ್ಯಾಹ್ನ ಎರಡೂವರೆಗೆ, ಮುದ್ದೇಬಿಹಾಳದ ಸಂತೆಯ ಬಯಲಿನಲ್ಲಿ. ಎದುರು ಪಕ್ಷಕ್ಕೆ ರಾವಸಾಬ. ಪಂಚರಲ್ಲಿ ಮುಖ್ಯರಾದವರು ಚನ್ನಬಸಯ್ಯ, ನಿವೃತ್ತ ಶಾಲಾ ಮಾಸ್ತರರು. ಜಾನಪದ ತಿಳಿದವರೆಂದು ಹೆಸರಾದವರು.

ಸಾತವ್ವ ಗಿರಣಿಯ ಪದ ಎತ್ತುತ್ತಲೇ ಜನ ಕೇಕೆ ಹಾಕಿದರು. ಐದು ನುಡಿಗಳವರೆಗೆ ಸಭೆ ಆಕೆಯ ಕೈಯಲ್ಲಿತ್ತು. ಪ್ಲೇಟಿನಲ್ಲಿಲ್ಲದ ಮೂರನೆಯದನ್ನೂ ಐದನೆಯದನ್ನೂ ಜನ ಒಪ್ಪಿದರು; ಆರನೆಯದರಲ್ಲಿ ಹೆಸರಿತ್ತು. ‘ರೇವಪ್ಪನ ಮಗಳು ಸಾತಿ’ ಎಂದಾಗ ಹಿಂದಿನ ಸಾಲಿನಿಂದ ಒಬ್ಬ, “ಏ ಯವ್ವಾ, ಪ್ಲೇಟಿನ್ಯಾಗ ಇದಿಲ್ಲ,” ಎಂದ. ಮತ್ತೊಬ್ಬ, “ತನ್ನ ಹೆಸರ ಜೋಡ್ಸ್ಯಾಳೋ,” ಎಂದ. ನಗು ಎದ್ದಿತು. ಹಿಟ್ಟಿನಲ್ಲಿ ಕಲ್ಲಿನ ಹಳ್ಳು ಬೀಳಲೆಂಬ ಶಾಪದ ಸಾಲು ಯಾರಿಗೂ ಕೇಳಿಸಲಿಲ್ಲ.

ಗಂಡಿನ ಪಕ್ಷದ ಮೇಳಕ್ಕೆ ಆಕ್ಷೇಪ ಎತ್ತುವ ಹಕ್ಕಿತ್ತು. ರಾವಸಾಬ ಎದ್ದು ನಿಂತು, ಸಾತವ್ವನ ಮುಖ ನೋಡದೆ, ಹಳೆಯ ಪದಕ್ಕೆ ಹೊಸ ಮುದ್ರಿಕೆ ಹಚ್ಚಿದಂತಿದೆ, ಪಂಚರು ವಿಚಾರಿಸಲಿ ಎಂದ.

ಚನ್ನಬಸಯ್ಯನವರ ಚೀಲದಲ್ಲಿ ಪ್ಲೇಟಿನ ಲಕೋಟೆ ಇತ್ತು. ಕನ್ನಡಕ ಏರಿಸಿ ಓದಿದರು. “ಸಾತವ್ವಾ, ಇದರಾಗ ಸಾಂಪ್ರದಾಯಿಕ ಅಂತ ಅಚ್ಚಾಗೇತಿ. ನೀ ಏನ್ ಹೇಳ್ತಿ?”

“ಗಿರಣಿ ಬಂದು ಎಂಟು ವರ್ಷ ಆಗಿಲ್ರಿ ಅಜ್ಜಾರ. ಪದ ಹಳೇದು ಹೆಂಗ ಆಗ್ತೈತಿ?”

“ಹಳೇ ಬೀಸೂ ಪದಕ್ಕ ಯಾರೋ ಗಿರಣಿ ಸೇರಿಸಿರಬೇಕು. ಹಂಗ ಆಗ್ತಿರ್ತೈತಿ.”

“ಆ ಯಾರೋ ನಾನ ರೀ.”

“ಮತ್ತ ಕಂಪನಿಯವರಿಗೆ ಯಾಕ ಹೇಳಲಿಲ್ಲ? ಅಚ್ಚಾಗಿದ್ದು ಸುಳ್ಳಾಗ್ತೈತೇನವಾ?”

“ಪದದಾಗ ಹೇಳಿದ್ದೆ ರೀ. ಅವ್ರು ಕಡದಾರ. ನನ್ನ ತಮ್ಮ ಅಲ್ಲೇ ಇದ್ದ, ಕಾಗದಕ್ಕ ಸಹಿ ಮಾಡಿದಾವ ಆಂವನ. ಕೇಳ್ರಿ.”

ಎಲ್ಲರೂ ಅಮಸಿದ್ದನ ಕಡೆ ತಿರುಗಿದರು. ಅವನು ಅಂದು ಅಗಲ ಕಾಲಿನ ಪ್ಯಾಂಟು ತೊಟ್ಟು ಬಂದಿದ್ದ. ‘ಡಿಸ್ಕೊ ಅಮಸಿದ್ದ’ ಎಂದು ಜನ ಕೂಗಿದಾಗ ಕೈ ಎತ್ತಿ ತೋರಿಸಿದ್ದ. ಚನ್ನಬಸಯ್ಯನವರು ಕೇಳಿದರು: “ಹೇಳೋ ತಮ್ಮಾ. ಕಾಗದಕ್ಕ ಸಹಿ ಮಾಡಿದಾವ ನೀನಂತ. ಪದ ಹಳೇದೋ, ನಿಮ್ಮಕ್ಕಂದೋ?”

ಅಮಸಿದ್ದ ತುಂತುಣಿಯ ತಂತಿಯನ್ನು ಬಿಗಿ ಮಾಡಿದ. ಸಡಿಲ ಮಾಡಿದ. ಮತ್ತೆ ಬಿಗಿ ಮಾಡಿದ.

“ನಂದೂ ಒಂದು ಬಾಯಿ ಐತ್ರಿ,” ಎಂದು ಲಕ್ಕವ್ವ ಮುಂದೆ ಬಂದಳು. “ಪದ ಅಕ್ಕಂದು. ಡಬ್ಬಿ ಇಳಿಸೂದರಾಗ ನನಗ ಹಾಡಿ ತೋರಿಸ್ಯಾಳ.”

“ಕೂಡ್ರವಾ, ಸಹಿ ಮಾಡಿದಾವ ಹೇಳಲಿ,” ಎಂದರು ಪಂಚರಲ್ಲೊಬ್ಬರು. ಸಹಿ ಮಾಡಿದವನು ಹೇಳಲಿಲ್ಲ.

ತೀರ್ಪನ್ನು ಚನ್ನಬಸಯ್ಯನವರು ಶುದ್ಧ ಭಾಷೆಯಲ್ಲಿ ಓದಿದರು. ಜನತೆಯ ಸ್ವತ್ತಾದ ಸಾಂಪ್ರದಾಯಿಕ ಪದಕ್ಕೆ ಸ್ವಂತ ಮುದ್ರಿಕೆ ಸೇರಿಸಿದ ಕಾರಣ ಹಿಪ್ಪರಗಿ ಮೇಳವನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ. ಹಿರಿಯರ ಪರಂಪರೆಯನ್ನು ಉಳಿಸುವುದು ಪಂಚರ ಕರ್ತವ್ಯವಾಗಿದೆ. ಚಪ್ಪಾಳೆ ಬಿತ್ತು. ಇಲ್ಲಿ ಹಿರಿಯರೆಂದರೆ ಯಾರು? ಪರಂಪರೆಯೆಂದರೆ ಯಾವುದು? ಆ ಬಯಲಿನಲ್ಲಿ ಹಿರಿಯರ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದವಳು ಒಬ್ಬಳೇ ಇದ್ದಳು. ಕಟ್ಟಳೆ ಮುರಿದವಳೆಂಬ ಹೆಸರು ಬಂದದ್ದೂ ಅವಳಿಗೇ. ಸೋತ ಮೇಳದವರು ಗೆದ್ದವರ ಮುಂದೆ ದಪ್ಪು ಇಡಬೇಕೆಂಬುದು ವಾಡಿಕೆ. ಸಾತವ್ವ ತಂದೆಯ ದಪ್ಪನ್ನು ರಾವಸಾಬನ ಮುಂದೆ ಇಟ್ಟಳು. ಅವನು ಮುಟ್ಟಿ ಹಿಂದಿರುಗಿಸಿದ.

ಬಸ್ಸಿಗೆ ಕಾಯುತ್ತಿದ್ದಾಗ ರಾವಸಾಬ ಹುಡುಕಿಕೊಂಡು ಬಂದ.

“ತಂಗೀ, ಪದ ನಿಂದು ಅಂತ ನನಗ ಗೊತ್ತು. ಇಂಡ್ಯಾಗ ಕೇಳೇನಲ್ಲ. ‘ಮೂಲಿಗಿ ಕುಂತ’ ಅಂತ ನಿನ್ನ ಬಿಟ್ಟು ಯಾರೂ ಕಟ್ಟಂಗಿಲ್ಲ.”

“ಇದನ್ನ ಅಲ್ಲಿ ಹೇಳಬೇಕಿತ್ತು ಅಣ್ಣಾ.”

“ನಿನ್ನ ಮುಂದ ಮೂರು ವರ್ಷದಿಂದ ಸೋಲಾಕತ್ತೇನಿ. ವಯಸ್ಸಾತು. ಒಮ್ಮೆ ಗೆಲ್ಲಬೇಕಂತ…”

“ಗೆದ್ದಿಯಲ್ಲ. ಹೋಗಿ ಎಣ್ಣಿ ಕುಡಿ,” ಎಂದಳು ಸಾತವ್ವ. ಬಸ್ಸು ಬಂದಾಗ ಹತ್ತಿ ಕಿಟಕಿಯ ಆಚೆಗೆ ಮುಖ ಮಾಡಿ ಕುಳಿತಳು.

ಪದ ಕದ್ದ ಮೇಳವೆಂದು ಹೆಸರಾದ ಮೇಲೆ ಮತ್ತೆ ವೀಳ್ಯ ಬರಲಿಲ್ಲ. ಎರಡನೆಯ ಪ್ಲೇಟೂ ಬರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಬಸಂತರಾಯನಿಂದ ಒಂದು ಕಾರ್ಡು ಬಂತು: ಸಾಂಪ್ರದಾಯಿಕ ಗೀತೆಯಾದ್ದರಿಂದ ಕಂಪನಿಯು ಅದನ್ನೇ ಮುಂಬಯಿಯ ಹಾಡುಗಾರ್ತಿಯೊಬ್ಬಳಿಂದ ಹಿಂದಿಯಲ್ಲಿ ಹಾಡಿಸುತ್ತಿದೆ, ಹಿಪ್ಪರಗಿಯವರು ಇನ್ನು ಬರಬೇಕಾಗಿಲ್ಲ. ಅಮಸಿದ್ದ ಕಾರ್ಡನ್ನು ಎರಡು ಸಲ ಓದಿ ಒಲೆಗೆ ಹಾಕಿದ. ವಾರದೊಳಗೆ ಸಿಂದಗಿಯ ಒಂದು ಬ್ಯಾಂಡ್ ಕಂಪನಿ ಸೇರಿದ. ದೊಡ್ಡ ಡ್ರಮ್ಮು ಅವನ ಕೊರಳಿಗೆ ಬಿತ್ತು. ಸಾತವ್ವ ಕುರಿಗಳ ಹಿಂದೆ ಹೋಗತೊಡಗಿದಳು. ದಪ್ಪು ಗೂಟದಲ್ಲಿ ತೂಗುತ್ತಿತ್ತು. ಆಕೆ ಹಿಟ್ಟು ಹಾಕಿಸಲು ಗಿರಣಿಗೆ ಹೋಗುವುದನ್ನು ಬಿಟ್ಟು, ಮೂಲೆಯ ಬೀಸುಕಲ್ಲನ್ನು ಎಳೆದು ಬೀಸಿಕೊಳ್ಳುತ್ತಿದ್ದಳು. ಲಕ್ಕವ್ವ ಬೇಡವೆನ್ನಲಿಲ್ಲ, ಎದುರು ಕುಳಿತು ಕಲ್ಲಿನ ಗೂಟಕ್ಕೆ ಕೈ ಹಚ್ಚುತ್ತಿದ್ದಳು.

ಮೇ ಇಪ್ಪತ್ತರಂದು ಇಂಡಿಯಲ್ಲಿ ಲಕ್ಕವ್ವನ ತವರಿನ ಮದುವೆ. ಅಮಸಿದ್ದನ ಬ್ಯಾಂಡಿಗೇ ವೀಳ್ಯ ಹೋಗಿತ್ತು. ಬೆಳಗಿನ ಹತ್ತರ ಹೊತ್ತಿಗೆ ಚಪ್ಪರದ ಮುಂದೆ ಗಿರಣಿಯ ಪದ ಶುರುವಾಯಿತು. ಹುಡುಗರು ಕುಣಿದರು, ಬೀಗರು ಕುಣಿದರು. ಅಮಸಿದ್ದ ಕೆಂಪು ಕೋಟು ತೊಟ್ಟು, ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಸಾತವ್ವ ಹೆಂಗಸರ ನಡುವೆ ಅಕ್ಕಿಕಾಳು ಹಿಡಿದು ಕುಳಿತಿದ್ದಳು.

ಪ್ಲೇಟಿನಲ್ಲಿ ಹಾಡು ಸಣ್ಣದಾಗುತ್ತ ಮುಗಿಯಬಹುದು. ಬ್ಯಾಂಡಿನವರಿಗೆ ಅದು ಸಾಧ್ಯವಿಲ್ಲ. ಅವರು ಸೊಲ್ಲನ್ನು ನಾಲ್ಕು ಸಲ ತಿರುಗಿಸಿ ತಟ್ಟನೆ ನಿಲ್ಲಿಸಿದರು. ಕಹಳೆಯವರು ಉಗುಳು ಜಾಡಿಸಿಕೊಳ್ಳತೊಡಗಿದರು. ಆ ಖಾಲಿ ಜಾಗದಲ್ಲಿ ಸಾತವ್ವ, ಕುಳಿತಲ್ಲಿಂದಲೇ, ದಪ್ಪಿಲ್ಲದೆ, ಕಡೆಯ ನುಡಿಯನ್ನು ಎತ್ತಿದಳು. ಹಿಪ್ಪರಗಿ, ರೇವಪ್ಪ, ಸಾತಿ. ಹಿಟ್ಟಿನೊಳಗಿನ ಹಳ್ಳು. ಹೇಳಿ ಮುಗಿಸಲು ಕಾಲು ನಿಮಿಷವೂ ಬೇಕಾಗಲಿಲ್ಲ. ಪಕ್ಕದಲ್ಲಿದ್ದ ನಾಲ್ಕಾರು ಹೆಂಗಸರು ತಿರುಗಿ ನೋಡಿದರು.

“ಇದ್ಯಾವ ಪದ ಯವ್ವಾ? ಕೇಳಿದಂಗಿಲ್ಲ,” ಎಂದಳು ಒಬ್ಬ ಮುದುಕಿ.

“ಪದ ಅಲ್ಲ ಬೇ. ಪತ್ತಾ. ಊರು, ಹೆಸರು.”

“ಯಾರ ಪತ್ತಾ?”

ಸಾತವ್ವ ಚಪ್ಪರದ ಆಚೆ ನೋಡಿದಳು. ಅಮಸಿದ್ದನಿಗೆ ಕೇಳಿಸಿತ್ತು. ಬಡಿಗೆ ಎತ್ತಿದ ಕೈ ಎತ್ತಿದಂತೆಯೇ ಇತ್ತು; ಅವನು ಅಕ್ಕನನ್ನೇ ನೋಡುತ್ತಿದ್ದ. ಬ್ಯಾಂಡಿನ ಮಾಸ್ತರ ತಿರುಗಿ, ಮುಂದಿನ ಹಾಡೆಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಬಡಿಗೆ ಡ್ರಮ್ಮಿನ ಮೇಲೆ ಬಿತ್ತು.

ಮುದುಕಿ ಕಿವಿಗೆ ಕೈ ಹಚ್ಚಿ ಇನ್ನೊಮ್ಮೆ ಕೇಳಿದಳು. ಆ ಸಪ್ಪಳದಲ್ಲಿ ಹೇಳಬೇಕಾದರೆ ಕೂಗಬೇಕಾಗಿತ್ತು. ಪದದ ಹೊರಗೆ ಹೆಸರು ಕೂಗುವುದನ್ನು ಸಾತವ್ವ ಕಲಿತಿರಲಿಲ್ಲ.